ಬಾವುಟಗುಡ್ಡೆಯ ಏರಿನಲ್ಲಿ

ಮಂಗಳೂರಿಗೆ ಹೋಗುವುದೆಂದರೆ ನಮ್ಮ ಕಡೆಯವರಿಗೆ ಪ್ರವಾಸವಲ್ಲ, ಪೇಟೆಗೆ ಹೋಗಿಬರುವುದು. ಬದಿಯಡ್ಕದ ಆಸುಪಾಸಿನ ನಮಗೆ ಕಾಗದಪತ್ರಗಳ ರಾಜಧಾನಿ ತಿರುವನಂತಪುರವಾದರೂ, ಹಲ್ಲುನೋವಿನಿಂದ ಹಿಡಿದು ಹೃದಯದ ಬೇನೆಯವರೆಗೆ ದೇಹದ ರಾಜಧಾನಿ ಮಂಗಳೂರೇ. ಬಸ್ಸಿನ ಕಿಟಿಕಿಯಿಂದ ಆ ಹಾದಿಯನ್ನು ಎಷ್ಟು ಸಲ ನೋಡಿದ್ದೇನೆಂಬುದಕ್ಕೆ ಲೆಕ್ಕವಿಲ್ಲ. ಆದರೆ 2022ರ ಜೂನ್ ತಿಂಗಳ ಒಂದು ಬೆಳಗ್ಗೆ ಅದೇ ಹಾದಿಯನ್ನು ಚಾಲಕರ ಪೀಠದಲ್ಲಿ ಕುಳಿತು ನೋಡಿದಾಗ ಅದು ನಾನು ಕಂಡರಿಯದ ದೇಶವಾಗಿತ್ತು.

ಕಾರು ಕಲಿಯಬೇಕೆಂಬ ಆಸೆ ನನಗೆ ಎಂದೂ ಇದ್ದುದಲ್ಲ. ನಮ್ಮವರ ಮೂತ್ರಪಿಂಡಗಳು ಸೋತು, ವಾರಕ್ಕೆ ಮೂರು ಸಲ, ಪ್ರತಿ ಸಲ ನಾಲ್ಕು ತಾಸು ಡಯಾಲಿಸಿಸ್ ಆಗಬೇಕೆಂದು ಮಂಗಳೂರಿನ ವೈದ್ಯರು ಹೇಳಿದರು. ಮೊದಲಿಗೆ ಕರೆದೊಯ್ಯುತ್ತಿದ್ದ ನೆರೆಮನೆಯ ಹುಡುಗನಿಗೆ ದುಬಾಯಿಯಲ್ಲಿ ಕೆಲಸ ಸಿಕ್ಕಿತು. ವಾರಕ್ಕೆ ಮೂರು ಬಾಡಿಗೆ ಕಾರೆಂದರೆ ಅಡಿಕೆ ತೋಟವನ್ನು ಗಾಲಿಗಳಿಗೆ ಬರೆದುಕೊಟ್ಟಂತೆಯೇ. ಹೀಗೆ ಐವತ್ತೊಂದನೆಯ ವಯಸ್ಸಿನಲ್ಲಿ, ಅಂಗಳದಲ್ಲಿ ನಿಂತಿದ್ದ ನಮ್ಮದೇ ಹಳೆಯ ಕಾರಿನ ಬೀಗದಕೈ ನನ್ನ ಸೆರಗಿಗೆ ಬಂತು.

ಕೇರಳದಲ್ಲಿ ಕಾರಿನ ಪರೀಕ್ಷೆಯೆಂದರೆ ‘ಎಚ್’ ಬರೆಯುವುದು. ನೆಲಕ್ಕೆ ಊರಿದ ಕಂಬಿಗಳ ನಡುವೆ ಒಂದನ್ನೂ ತಾಗಿಸದೆ ಮುಂದೆ ಹಿಂದೆ ಚಲಿಸಿ ಆ ಇಂಗ್ಲಿಷ್ ಅಕ್ಷರವನ್ನು ಮೂಡಿಸಬೇಕು. ಎರಡನೆಯ ಯತ್ನದಲ್ಲಿ ಬರೆದು ಮುಗಿಸಿದೆ. ಆ ಮೈದಾನ ಅಂಗೈಯಂತೆ ಸಮತಟ್ಟಾಗಿತ್ತು. ಕಂಬಿಗಳು ನೆಟ್ಟಲ್ಲೇ ನಿಂತಿದ್ದವು. ಪೇಟೆಯಲ್ಲಿ ಕಂಬಿಗಳೇ ನಡೆದಾಡುತ್ತವೆ, ನೆಲವೇ ಓರೆಯಾಗುತ್ತದೆ ಎಂಬುದನ್ನು ಯಾರೂ ಕಲಿಸಿರಲಿಲ್ಲ.

ನೀರ್ಚಾಲು, ಸೀತಾಂಗೋಳಿ ದಾಟಿ ಕುಂಬಳೆಯಲ್ಲಿ ಹೆದ್ದಾರಿಗೆ ಸೇರುವವರೆಗೆ ಎಲ್ಲವೂ ಸುಖವಾಗಿಯೇ ಇತ್ತು. ಅನಂತರ ಷಟ್ಪಥದ ಕಾಮಗಾರಿ. ಬಂದ್ಯೋಡಿನಲ್ಲಿ ನಿನ್ನೆ ಇದ್ದ ದಾರಿ ಇಂದಿಲ್ಲ, ಉಪ್ಪಳದಲ್ಲಿ ಇಂದಿನದು ನಾಳೆಗಿಲ್ಲ. ಕೆಸರಿನಲ್ಲಿ ಲಾರಿಗಳ ಹಿಂದೆ ಆಮೆಯಂತೆ ತೆವಳಿದೆ. ಎಂಜಿನು ಎರಡು ಸಲ ನಿಂತಿತು. ನಮ್ಮವರು ಬಾಗಿಲ ಮೇಲಿನ ಹಿಡಿಕೆಯನ್ನು ಬಿಗಿಯಾಗಿ ಹಿಡಿದುಕೊಂಡು ಹೊರಗಿನ ತೆಂಗಿನಮರಗಳನ್ನು ಎಣಿಸುವವರಂತೆ ಕುಳಿತಿದ್ದರು. ಅವರ ಆ ಮೌನಕ್ಕೆ ನಾನು ಋಣಿ.

ತಲಪಾಡಿ ಬಂದಾಗ ಮಾತ್ರ ಇಬ್ಬರೂ ಒಮ್ಮೆ ಎಡಬಲ ನೋಡಿದೆವು. 2020ರ ಮಾರ್ಚ್ ತಿಂಗಳ ಕೊನೆಯಲ್ಲಿ ಕೊರೋನದ ಭಯದಿಂದ ಈ ಗಡಿಯನ್ನು ಮುಚ್ಚಿದ್ದರು; ಒಳದಾರಿಗಳಿಗೆ ಮಣ್ಣು ಸುರಿದಿದ್ದರು. ಆಸ್ಪತ್ರೆಗೆ ಹೋಗಲಾರದೆ ದಾರಿಯಲ್ಲೇ ತೀರಿಕೊಂಡವರ ಸುದ್ದಿ ದಿನವೂ ಬರುತ್ತಿತ್ತು. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ, ಏಪ್ರಿಲ್ ತಿಂಗಳಲ್ಲಿ ಕೊರೋನವಿಲ್ಲದ ರೋಗಿಗಳಿಗೆ ದಾರಿ ಬಿಟ್ಟರು. ಆಗ ನಮ್ಮವರು ಆರೋಗ್ಯವಾಗಿದ್ದರು. ಆ ಸುದ್ದಿಯನ್ನು ನಾವು ಪರರ ಸುದ್ದಿಯೆಂದು ಓದಿದ್ದೆವು. ಈಗ ಗಡಿ ತೆರೆದೇ ಇತ್ತು, ಯಾರೂ ತಡೆಯಲಿಲ್ಲ. ಆದರೂ ನನ್ನ ಕಾಲು ತಾನಾಗಿ ವೇಗ ಹೆಚ್ಚಿಸಿತು.

ತೊಕ್ಕೊಟ್ಟು ಕಳೆದು ನೇತ್ರಾವತಿಯ ಸೇತುವೆ ದಾಟಿದೆವು. ಮಳೆಗೆ ಕೆಂಪಾಗಿ ತುಂಬಿ ಹರಿಯುತ್ತಿದ್ದ ನದಿಯನ್ನು ನೋಡುವ ಭಾಗ್ಯ ಅಂದು ನನಗಿರಲಿಲ್ಲ. ಪಂಪ್‌ವೆಲ್ಲಿನಲ್ಲಿ ನಗರ ನನ್ನ ಮೇಲೆ ಬಿತ್ತು. ಮೇಲುಸೇತುವೆಯ ಕೆಳಗೆ ನಾಲ್ಕು ದಿಕ್ಕಿನಿಂದಲೂ ವಾಹನಗಳು. ನಡುರಸ್ತೆಯಲ್ಲೇ ನಿಂತು ಜನರನ್ನು ಹತ್ತಿಸಿಕೊಂಡು, ‘ರೈಟ್ ಪೋಯಿ’ ಎಂಬ ಕೂಗಿಗೆ ಚಿಮ್ಮುವ ಸಿಟಿ ಬಸ್ಸುಗಳು. ಎಡದಿಂದ ನುಸುಳುವ ದ್ವಿಚಕ್ರಗಳು. ಸಪ್ತಭಾಷಾ ಸಂಗಮಭೂಮಿ ಎಂದು ನಮ್ಮ ಕಾಸರಗೋಡನ್ನು ಕರೆಯುತ್ತೇವಲ್ಲ, ಅವುಗಳಲ್ಲಿ ನಾಲ್ಕನ್ನು ನಾನು ತಕ್ಕಮಟ್ಟಿಗೆ ಬಲ್ಲೆ. ಎಂಟನೆಯದಾದ ಹಾರನ್ ಭಾಷೆ ಮಾತ್ರ ಒಂದಕ್ಷರವೂ ತಿಳಿಯದು. ಹಿಂದಿನವನು ‘ಹೋಗು’ ಎನ್ನುತ್ತಾನೋ, ‘ನಿಲ್ಲು’ ಎನ್ನುತ್ತಾನೋ, ಅಥವಾ ಸುಮ್ಮನೆ ನನ್ನ ಹಿರಿಯರನ್ನು ಸ್ಮರಿಸುತ್ತಾನೋ?

ಈ ಗಲಿಬಿಲಿಯಲ್ಲಿ ಕಂಕನಾಡಿಯಲ್ಲಿ ಹಿಡಿಯಬೇಕಾದ ತಿರುವನ್ನು ಬಿಟ್ಟೆ. ಹಿಂದಿರುಗಲು ಎಡೆಯೆಲ್ಲಿ? ಬಸ್ಸುಗಳ ಹಿಂದೆ ತೇಲಿಕೊಂಡು ಹೋಗಿ ಹಂಪನಕಟ್ಟೆಯಲ್ಲಿ ದಡ ಸೇರಿದೆ. ಹಿಂದೆ ಇಲ್ಲಿ ಅಪ್ಪಣ್ಣನೆಂಬವನೊಬ್ಬ ಕಟ್ಟೆಯಲ್ಲಿ ಕುಳಿತು ದಾರಿಹೋಕರಿಗೆ ನೀರು ಕೊಡುತ್ತಿದ್ದ, ಅವನ ಕಟ್ಟೆಯೇ ಹಂಪನಕಟ್ಟೆಯಾಯಿತು ಎನ್ನುತ್ತಾರೆ. 2021ರಲ್ಲಿ ರಸ್ತೆ ಅಗೆಯುವಾಗ ಅಲ್ಲೊಂದು ಹಳೆಯ ಬಾವಿಯೂ ಕಾಣಿಸಿಕೊಂಡಿತು. ಆ ಹೊತ್ತಿಗೆ ನನ್ನ ಗಂಟಲಿಗೂ ಅಪ್ಪಣ್ಣನ ಅಗತ್ಯ ಬಹಳವಾಗಿತ್ತು. ಗಡಿಯಾರ ನೋಡಿದೆ. ಯಂತ್ರದ ಸರದಿಗೆ ಇಪ್ಪತ್ತು ನಿಮಿಷ ಉಳಿದಿತ್ತು.

ಆಸ್ಪತ್ರೆ ಗುಡ್ಡದ ಆಚೆಗೆ. ಬಾವುಟಗುಡ್ಡೆಯನ್ನು ಏರಲೇಬೇಕು. ಏರಿನ ನಡುವೆ ಮುಂದಿನ ಕಾರು ನಿಂತಿತು, ನಾನೂ ನಿಂತೆ. ಅದು ಹೊರಟಿತು, ನಾನು ಹೊರಡಲಿಲ್ಲ. ಬ್ರೇಕಿನಿಂದ ಕಾಲೆತ್ತಿ ಆಕ್ಸಿಲರೇಟರಿಗೆ ಇಡುವ ಆ ಒಂದು ಕ್ಷಣದಲ್ಲಿ ಕಾರು ಹಿಂದಕ್ಕೆ ಜಾರುತ್ತದೆ. ಗಾಬರಿಯಲ್ಲಿ ಕ್ಲಚ್ಚನ್ನು ಥಟ್ಟನೆ ಬಿಟ್ಟರೆ ಎಂಜಿನು ನಿಲ್ಲುತ್ತದೆ. ಎರಡೂ ಆಯಿತು. ಮೂರನೆಯ ಸಲ ಹಿಂದಿನಿಂದ ‘ಟಣ್’ ಎಂಬ ಸದ್ದು ಕೇಳಿಸಿತು. ಆಟೋ ರಿಕ್ಷಾದ ದೀಪದ ಗಾಜು!

1837ರ ಏಪ್ರಿಲಿನಲ್ಲಿ ಸುಳ್ಯದ ಕಡೆಯಿಂದ ಬಂದ ದಂಗೆಯ ರೈತರು ಕಂಪೆನಿಯವರನ್ನು ಓಡಿಸಿ ಈ ಗುಡ್ಡದಲ್ಲಿ ಬಾವುಟ ಹಾರಿಸಿ ಹದಿಮೂರು ದಿನ ಮಂಗಳೂರನ್ನು ಆಳಿದರಂತೆ. ನಾನು ಹದಿಮೂರು ನಿಮಿಷ ಗುಡ್ಡವನ್ನು ವಶಪಡಿಸಿಕೊಂಡೆ. ಬಾವುಟವೊಂದು ಇರಲಿಲ್ಲ, ಅಷ್ಟೇ. ಹಿಂದೆ ಆಟೋ, ಅದರ ಹಿಂದೆ ಸಿಟಿ ಬಸ್ಸು, ಅದರ ಹಿಂದೆ ಇಡೀ ಪೇಟೆ.

ಆಟೋದವನು ನಮ್ಮ ಕಾರಿನ ‘ಕೆಎಲ್ 14’ ಫಲಕವನ್ನು ನೋಡಿ ಹರಕುಮುರುಕು ಮಲಯಾಳದಲ್ಲಿ ಬೈಯಲಾರಂಭಿಸಿದ. ಕೇರಳದವರಿಗೆ ಇಲ್ಲೇನು ಕೆಲಸ ಎಂಬುದು ಅದರ ಸಾರ. ಅತ್ತ ಕಚೇರಿಗಳಲ್ಲಿ ಕನ್ನಡದಲ್ಲಿ ಅರ್ಜಿ ಕೊಟ್ಟರೆ ಕರ್ನಾಟಕದವರಂತೆ ಕಾಣುವ ನಾವು ಇತ್ತ ಬಂದರೆ ಕೇರಳದವರು! ಈ ಪತ್ರಿಕೆಯ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾನು ತುಳುವಿನಲ್ಲಿ ಕ್ಷಮೆ ಕೇಳಿದೆ. ಅವನ ಬೈಗುಳ ನಡುವಿನಲ್ಲೇ ನಿಂತಿತು. ನಮ್ಮವರು ಕಿಟಿಕಿಯಿಂದ ಕೈ ಹೊರಚಾಚಿ ಐನೂರರ ನೋಟು ಕೊಟ್ಟರು. ಮುಂಗೈಯಲ್ಲಿ ಉಬ್ಬಿನಿಂತಿದ್ದ ಡಯಾಲಿಸಿಸ್ಸಿನ ರಕ್ತನಾಳವನ್ನು ಅವನು ನೋಡಿದ.

“ಗಾಜಿಗೆ ನಾನೂರು. ಚಿಲ್ಲರೆ ಇಲ್ಲ ಅಣ್ಣಾ. ಎಲ್ಲಿಗೆ ಹೋಗಲಿಕ್ಕೆ?”

ಹೇಳಿದೆವು. ಅಷ್ಟರಲ್ಲಿ ಬಸ್ಸಿನ ನಿರ್ವಾಹಕ ಇಳಿದು ಬಂದು, ರಸ್ತೆಯಂಚಿನ ಒಂದು ಕಗ್ಗಲ್ಲನ್ನು ತಂದು ನನ್ನ ಹಿಂದಿನ ಗಾಲಿಗೆ ಒತ್ತಿಟ್ಟ. “ಪೋಡಿಗೆ ಬೊಡ್ಚಿ ಅಕ್ಕಾ,” ಎಂದ. ಹ್ಯಾಂಡ್‌ಬ್ರೇಕ್ ಎಳೆದಿಡಬೇಕು, ಕ್ಲಚ್ಚನ್ನು ಕೊಂಚವೇ ಬಿಡುತ್ತ ಆಕ್ಸಿಲರೇಟರ್ ಒತ್ತಬೇಕು, ಕಾರಿನ ಮೂತಿ ತುಸು ಮೇಲೆದ್ದಂತಾದಾಗ ಹ್ಯಾಂಡ್‌ಬ್ರೇಕ್ ಇಳಿಸಬೇಕು. “ಮೆಲ್ಲ ಬುಡ್ಲೆ, ಮೆಲ್ಲ.” ಮೂತಿ ಎದ್ದಿತು. ಕಾರು ಏರಿತು. ಆಟೋದವನು ಮುಂದಾಗಿ ಆಸ್ಪತ್ರೆಯ ಗೇಟಿನವರೆಗೂ ದಾರಿ ತೋರಿಸಿದ. ಉಳಿದ ನೂರು ರೂಪಾಯಿ ಅದಕ್ಕೆ ಸಂದಿತು.

ತಡವಾದದ್ದು ಕಾಲು ಗಂಟೆ. ದಾದಿ ಗೊಣಗಿದಳು, ಆದರೆ ಯಂತ್ರ ನಮಗಾಗಿ ಕಾದಿತ್ತು. ನಾಲ್ಕು ತಾಸು ಹೊರಗಿನ ಬೆಂಚಿನಲ್ಲಿ ಕುಳಿತು, ಬರಿಗಾಲಿನಲ್ಲೇ ಇಲ್ಲದ ಕ್ಲಚ್ಚನ್ನು ಒತ್ತಿ ಬಿಡುತ್ತಿದ್ದೆ. ಪಕ್ಕದಲ್ಲಿದ್ದ ಹೆಂಗಸು ನನಗೂ ಏನೋ ಕಾಯಿಲೆಯೆಂದು ತಿಳಿದಿರಬೇಕು.

ಸಂಜೆ ಅದೇ ಗುಡ್ಡವನ್ನು ಇಳಿಯುವಾಗ ನಮ್ಮವರು ಒಮ್ಮೆಲೇ, “ನಿಲ್ಲಿಸು,” ಎಂದರು. ಇಳಿಜಾರಿನಲ್ಲಿ ನಿಲ್ಲಿಸುವುದೆಂದರೆ ನನ್ನ ಎದೆ ಧಸಕ್ಕೆಂದಿತು. ಹ್ಯಾಂಡ್‌ಬ್ರೇಕ್ ಎಳೆದೆ. ನಿಂತಿತು. ಅವರು ಬೆರಳು ತೋರಿಸಿದತ್ತ ನೋಡಿದರೆ, ಯಾರೋ ಬದಿಗೆ ಸರಿಸಿದ್ದ ಆ ಕಗ್ಗಲ್ಲು. ಅವರ ಆ ಕೈಯಲ್ಲಿ ಭಾರ ಎತ್ತುವಂತಿಲ್ಲ. ನಾನೇ ಇಳಿದು ಎತ್ತಿ ತಂದು ಹಿಂದಿನ ಡಿಕ್ಕಿಯಲ್ಲಿಟ್ಟೆ.

“ಇರಲಿ,” ಎಂದರು ಅವರು, ಬೆಳಗಿನಿಂದ ಮೊದಲ ಬಾರಿಗೆ ಹಿಡಿಕೆಯಿಂದ ಕೈತೆಗೆದು. “ನಾಡಿದ್ದು ಪುನಃ ಬರಲಿಕ್ಕುಂಟಲ್ಲ.”