ತೋಳನ ಎದುರಿಗೆ

ನಾಸಿಕಕ್ಕೆ ವರ್ಗವಾಗಿ ಬಂದು ನಮಗೆ ಆರು ವರ್ಷಗಳಾದುವು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಕಚೇರಿಯ ಕಡತದಲ್ಲಿ ಹಿಂದಿ, ಇಂಗ್ಲಿಷು. ಹೀಗೆ ಸಂಸಾರ ಸಾಗಿದೆ. ಎಂಟು ವರ್ಷದ ಮಗಳು ಒಂದು ದಿನ ಶಾಲೆಯಿಂದ "ಲಾಂಡಗಾ ಆಲಾ ರೇ ಆಲಾ" ಎಂಬ ಕಥೆಯನ್ನು ಕಲಿತು ಬಂದು ಅಜ್ಜನಿಗೆ ಒಪ್ಪಿಸಿದಳು. ನಾವೆಲ್ಲ ಚಿಕ್ಕಂದಿನಲ್ಲಿ ಕೇಳಿದ "ತೋಳ ಬಂತು ತೋಳ" ಕಥೆಯೇ ಅದು. ನಮ್ಮ ತಂದೆ ಕೊಪ್ಪಳದ ಕಡೆಯ ಕುರಿಗಾರರು. ಈಗ ಎಪ್ಪತ್ತಮೂರು ವಯಸ್ಸು. ಪೂರ್ತಿ ಕೇಳಿ, "ಆ ಹುಡುಗ ಸುಳ್ಳು ಹೇಳಿದ್ದು ಖರೆ ಐತಿ. ತೋಳ ಬಂದದ್ದೂ ಖರೇನ ಐತಲ್ಲ" ಎಂದು ಸುಮ್ಮನಾದರು.

ಕಳೆದ ವರ್ಷ ಜನವರಿಯಲ್ಲಿ ನಾದಿನಿಯ ಮದುವೆಗೆಂದು ಮೈಸೂರಿಗೆ ಹೋದೆವು. ಮದುವೆ ಮುಗಿದ ಮೇಲೆ ಮಗಳ ಹಟಕ್ಕೆ ಮೃಗಾಲಯಕ್ಕೆ ಹೊರಟೆವು. 1892ರಲ್ಲಿ ಚಾಮರಾಜೇಂದ್ರ ಒಡೆಯರ ಕಾಲದಲ್ಲಿ ಆರಂಭವಾದ ಈ ಮೃಗಾಲಯದ ಹೆಸರು ಇಂದಿಗೂ ಆ ಅರಸರದೇ. (ಹೋಗತಕ್ಕವರು ನೆನಪಿಡಿ: ಮಂಗಳವಾರ ಅಲ್ಲಿ ರಜೆ.) ಜಿರಾಫೆ, ಆನೆ, ಹುಲಿಗಳ ಮುಂದೆ ಜನವೋ ಜನ. ತೋಳನ ಆವರಣದ ಮುಂದೆ ನಾವು ನಾಲ್ವರೇ.

"ಇಷ್ಟ ಏನು?" ಎಂದಿತು ಮಗು. ನನ್ನ ಬಾಯಲ್ಲಿಯೂ ಅದೇ ಮಾತಿತ್ತು. ಚಿತ್ರಪುಸ್ತಕದ ತೋಳಗಳು ಹಿಮದ ನಾಡಿನವು, ದಪ್ಪ ತುಪ್ಪಳದವು. ನಮ್ಮ ನಾಡಿನ ತೋಳ ಹದಿನೇಳರಿಂದ ಇಪ್ಪತ್ತೈದು ಕಿಲೋ ತೂಗಿದರೆ ಹೆಚ್ಚು. ಮೈಬಣ್ಣ ಒಣಹುಲ್ಲಿನದು; ಉಣ್ಣೆಯಂಥ ಒಳಗೂದಲು ಕಡಮೆ; ಕಾಲುಗಳು ಮಾತ್ರ ಉದ್ದ. ಬೀದಿನಾಯಿಗೂ ಇದಕ್ಕೂ ಏನು ವ್ಯತ್ಯಾಸವೆಂದು ಪತ್ನಿ ಕೇಳಿದಾಗ ಅಪ್ಪ ಬೇಲಿಯ ಕಡೆ ಕೈ ತೋರಿಸಿ, "ಬಾಲ ನೋಡವಾ. ನಾಯಿ ಬಾಲ ಮ್ಯಾಲೆ ಸುತ್ತಿಕೋತೈತಿ. ಇದು ಇಳಿಬಿಟ್ಟು ನಡೀತೈತಿ. ನಡದ್ರ ಕಾಲಿನ ಸಪ್ಪಳ ಇಲ್ಲ" ಎಂದರು. ನಾಯಿ ವರ್ಷಕ್ಕೆ ಎರಡು ಸಲ ಬೆದೆಗೆ ಬರುವುದು, ತೋಳ ಒಂದೇ ಸಲ, ಚಳಿಗಾಲದಲ್ಲಿ ಮರಿ ಹಾಕುವುದು ಎಂಬುದನ್ನೂ ಅವರೇ ಹೇಳಿದರು. ಪುಸ್ತಕದಲ್ಲಿ ನಾನು ಓದಿದುದೂ ಅದೇ: ಗರ್ಭ ಎರಡು ತಿಂಗಳು, ಹುಟ್ಟಿದಾಗ ಮರಿಗೆ ಕಣ್ಣಿಲ್ಲ, ಸುಮಾರು ಎರಡು ವಾರಕ್ಕೆ ಕಣ್ಣು ತೆರೆಯುತ್ತದೆ. ತಾಯಿಯೊಬ್ಬಳೇ ಸಾಕುವುದಿಲ್ಲ. ತಂದೆಯೂ ಹಿಂದಿನ ಸೂಲಿನ ಅಕ್ಕ ಅಣ್ಣಂದಿರೂ ದೂರದಲ್ಲಿ ತಿಂದು ಬಂದು, ಮರಿಗಳು ಮೂತಿ ನೆಕ್ಕಿದೊಡನೆ ಹೊಟ್ಟೆಯಲ್ಲಿದ್ದುದನ್ನು ಕಕ್ಕಿ ಉಣಿಸುತ್ತವೆ.

ಆವರಣದಲ್ಲಿದ್ದ ತೋಳಗಳಲ್ಲಿ ಒಂದು ನೆರಳಿನಲ್ಲಿ ಮಲಗಿತ್ತು. ಇನ್ನೊಂದು ಬೇಲಿಯುದ್ದಕ್ಕೂ ಹೋಗುವುದು, ಅದೇ ಕಲ್ಲಿನ ಬಳಿ ತಿರುಗುವುದು, ಬರುವುದು. ಮಧ್ಯಾಹ್ನ ಹನ್ನೆರಡರವರೆಗೂ ಅದು ಹಾಗೆಯೇ ನಡೆಯಿತು.

ಇಲ್ಲಿ ಒಂದು ವಿಷಯ ಹೇಳಬೇಕು. ತೋಳದ ಹಿಂಡಿನಲ್ಲಿ ಒಬ್ಬ ಸರದಾರ, ಉಳಿದವರೆಲ್ಲ ಅವನ ಕೆಳಗೆ ಮೆಟ್ಟಲು ಮೆಟ್ಟಲಾಗಿ, ನಮ್ಮ ಕಚೇರಿಯ ಹಾಗೆ, ಎಂದು ಬಹಳ ಕಾಲ ನಂಬಿದ್ದರು. ಈ ನಂಬಿಕೆಗೆ ಮೂಲ ಮೃಗಾಲಯವೇ. ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದ ತೋಳಗಳನ್ನು ಗಮನಿಸಿ ರುಡಾಲ್ಫ್ ಶೆಂಕೆಲ್ ಎಂಬ ವಿಜ್ಞಾನಿ 1947ರಲ್ಲಿ ಪ್ರಬಂಧ ಬರೆದರು. ಅಮೆರಿಕದ ಡೇವಿಡ್ ಮೆಕ್ 1970ರಲ್ಲಿ ತಮ್ಮ ಪುಸ್ತಕದ ಮೂಲಕ ಆ ಮಾತನ್ನು ಜಗತ್ತಿಗೆಲ್ಲ ಹರಡಿದರು. ಆಮೇಲೆ ಅದೇ ಮೆಕ್ ಉತ್ತರ ಧ್ರುವದ ಬಳಿಯ ಎಲ್ಸ್‌ಮಿಯರ್ ದ್ವೀಪದಲ್ಲಿ ಹದಿಮೂರು ಬೇಸಗೆ ಕಾಡುತೋಳಗಳ ಜೊತೆ ಕಳೆದು, 1999ರಲ್ಲಿ ತಾವೇ ತಿದ್ದಿ ಬರೆದರು: ಕಾಡಿನ ಹಿಂಡೆಂದರೆ ತಂದೆ, ತಾಯಿ, ಮಕ್ಕಳು. ಅಲ್ಲಿ ಸರದಾರನಿಲ್ಲ, ಹಿರಿಯರಿದ್ದಾರೆ. ಎಲ್ಲೆಲ್ಲಿಂದಲೋ ತಂದು ಒಂದೇ ಬೇಲಿಯೊಳಗೆ ಕೂಡಿದ, ಬಿಟ್ಟುಹೋಗಲು ದಾರಿಯಿಲ್ಲದ ಅಪರಿಚಿತರನ್ನು ನೋಡಿ ಮೊದಲು ಹಾಗೆ ಬರೆದಿದ್ದರು. ತಮ್ಮ ಮಾತನ್ನೇ ತಪ್ಪೆಂದು ಬರೆದ ಆ ದೊಡ್ಡತನ ನನಗೆ ಹಿಡಿಸಿತು. ನಮ್ಮ ಕಡತಗಳಲ್ಲಿ ಅಂತಹ ಟಿಪ್ಪಣಿಯನ್ನು ನಾನು ಕಂಡಿಲ್ಲ.

ನಾನು ಇದನ್ನು ಹೇಳುತ್ತಿದ್ದಂತೆ ಅಪ್ಪ, "ಅದು ನಮಗ ಮೊದಲ ಗೊತ್ತಿತ್ತು" ಎಂದರು. ಸ್ವಲ್ಪ ಹೊತ್ತು ಬಿಟ್ಟು ತಾವಾಗಿಯೇ ಹೇಳತೊಡಗಿದರು. ಅವರಿಗೆ ಹದಿನೆಂಟು ವರ್ಷವಿದ್ದಾಗಿನ ಮಾತು. ಒಂದೇ ವಾರದಲ್ಲಿ ಹಟ್ಟಿಯ ಎರಡು ಮರಿಗಳನ್ನು ತೋಳ ಒಯ್ದಿತ್ತು. ನಾಲ್ಕು ಜನ ಸೇರಿ ಗುಡ್ಡದ ಬದಿಯ ಬಿಲವನ್ನು ಹುಡುಕಿ, ಒಣಹುಲ್ಲು ತುರುಕಿ ಹೊಗೆ ಹಾಕಿ, ಬಾಯಿಗೆ ಕಲ್ಲು ಮುಚ್ಚಿದರಂತೆ. ಒಳಗೆ ಮರಿಗಳಿದ್ದುವು. "ಐದಾರು ದಿನ ಎರಡೂ ಹಟ್ಟಿ ಸುತ್ತಮುತ್ತ ಕೂಗಿದುವು. ಗಂಡು ಒಂದು ಕಡೆ, ಹೆಣ್ಣು ಒಂದು ಕಡೆ. ಕುರಿ ಮುಟ್ಟಲಿಲ್ಲ. ನಮ್ಮವ್ವ ನನಗ ರೊಟ್ಟಿ ಕೊಟ್ಲು, ಮಾತಾಡಲಿಲ್ಲ."

ಈ ಸಂಗತಿಯನ್ನು ಮೂವತ್ತಾರು ವರ್ಷಗಳಲ್ಲಿ ಅವರ ಬಾಯಿಂದ ನಾನು ಕೇಳಿರಲಿಲ್ಲ. ಅದು 1972ರ ವನ್ಯಜೀವಿ ಕಾಯ್ದೆಗೆ ಮುಂಚಿನ ಕಾಲ. ಇಂದು ತೋಳ ಆ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿದೆ. ದೇಶದಲ್ಲಿ ಉಳಿದಿರುವ ತೋಳಗಳು ಮೂರು ಸಾವಿರದ ಆಸುಪಾಸು ಎಂದು ಬಲ್ಲವರ ಅಂದಾಜು. ಕೊಲ್ಲುವವರು ಕಡಮೆಯಾದರೂ ಹುಲ್ಲುಗಾವಲು ಕರಗುತ್ತಿದೆ. ಸರಕಾರಿ ಲೆಕ್ಕದಲ್ಲಿ ಅದರ ಹೆಸರೇ ಅನೇಕ ಕಡೆ "ಪಾಳುಭೂಮಿ". ಪುಣೆಯ ಸುತ್ತಿನಲ್ಲಿ ತೋಳ ಮತ್ತು ಊರನಾಯಿಗಳ ಬೆರಕೆ ಹುಟ್ಟಿರುವುದೂ ತಳಿ ಪರೀಕ್ಷೆಯಿಂದ ಖಚಿತವಾಗಿದೆ. ನಮ್ಮ ಜಿಲ್ಲೆಯಲ್ಲಿಯೇ, ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ, ತೋಳಗಳಿಗಾಗಿ ಮುನ್ನೂರಕ್ಕೂ ಹೆಚ್ಚು ಹೆಕ್ಟೇರ್ ನೆಲವನ್ನು ಈಚೆಗೆ ಕಾದಿಟ್ಟಿದ್ದಾರೆಂದು ಹೇಳಿದೆ. ಅಪ್ಪ ಉತ್ತರ ಕೊಡಲಿಲ್ಲ. ಕುರಿಗಾರರು ನಾಲಗೆಯಿಂದ ಹೊರಡಿಸುವ ಒಂದು ಸಣ್ಣ ಸದ್ದು ಮಾಡಿದರು. ನಡೆಯುತ್ತಿದ್ದ ತೋಳ ನಿಂತು, ಕಿವಿ ನಿಮಿರಿಸಿ, ನೇರವಾಗಿ ಅವರನ್ನೇ ನೋಡಿತು. ಒಂದು ಗಳಿಗೆ. ಮತ್ತೆ ಕಲ್ಲಿನ ಕಡೆಗೆ ನಡೆಯಿತು.

ನಾಸಿಕಕ್ಕೆ ಮರಳಿದ ಮೇಲೆ, ಫೆಬ್ರವರಿಯಲ್ಲಿ, ಅಪ್ಪನಿಗೆ ಎಲ್ಲೋರದ ಕೈಲಾಸವನ್ನು ತೋರಿಸೋಣವೆಂದು ಛತ್ರಪತಿ ಸಂಭಾಜಿನಗರದ ಬಸ್ಸು ಹತ್ತಿದೆವು. ನಮ್ಮ ರಾಷ್ಟ್ರಕೂಟರ ಕೃಷ್ಣ ಕೊರೆಯಿಸಿದ ಗುಡಿ. ಅದನ್ನು ನೋಡದೆ ಈ ಸೀಮೆಯಲ್ಲಿ ಕನ್ನಡಿಗನಿರಬಾರದು. ದಾರಿ ಸುಮಾರು 180 ಕಿಲೋಮೀಟರ್. ನಡುವೆ ಪೈಠಣಿ ಸೀರೆಯ ಯೇವಲಾ. (ಪತ್ನಿಯ ದೃಷ್ಟಿ ಅತ್ತ, ನನ್ನ ದೃಷ್ಟಿ ಜೇಬಿನತ್ತ.) ಅದೇ ತಾಲ್ಲೂಕಿನ ಮಮದಾಪುರದಲ್ಲಿ ಕೃಷ್ಣಮೃಗಗಳ ಕಾವಲಿದೆ, ತೋಳಗಳೂ ಇವೆ.

ಯೇವಲಾ ದಾಟಿ ಬಸ್ಸು ಚಹಕ್ಕೆಂದು ನಿಂತಿತು. ರಸ್ತೆಯಾಚೆ ಒಬ್ಬ ಧನಗರ ಮುದುಕ ಕುರಿ ತರುಬಿದ್ದ. ಅಪ್ಪ ಲೋಟ ಕೆಳಗಿಟ್ಟು ರಸ್ತೆ ದಾಟಿದರು. ಅವರಿಗೆ ಮರಾಠಿ ಬರುವುದು ಹತ್ತು ಮಾತು. ಆದರೆ ಅವನ ಬೀರೋಬಾ ನಮ್ಮ ಬೀರಪ್ಪನೇ. ಅಲ್ಲಿಂದ ಮಾತು ಬೆಳೆಯಿತು. ಕರೆಯಲು ಹೋದ ನನಗೆ ಕೊನೆಯ ಭಾಗ ಮಾತ್ರ ಕೇಳಿಸಿತು. ಹೋದ ತಿಂಗಳು ಲಾಂಡಗಾ ಒಂದು ಮರಿಯನ್ನು ಒಯ್ದಿದೆ. ಅರಣ್ಯ ಇಲಾಖೆಯಿಂದ ಪರಿಹಾರ ಉಂಟು, ಆದರೆ ಪಂಚನಾಮೆಗೆಂದು ಹಿಂಡನ್ನು ಬಿಟ್ಟು ಯಾರು ಅಲೆಯುವುದು ಎಂದನು ಮುದುಕ. ಒಂದು ಅರ್ಜಿ ಎಷ್ಟು ಮೇಜು ದಾಟಬೇಕೆಂಬುದು ನನಗೆ ತಿಳಿಯದುದಲ್ಲ. ನಾನು ಬಾಯಿ ತೆರೆಯಲಿಲ್ಲ.

ಬಿಲ ಹುಡುಕಿದಿರಾ ಎಂದು ಅಪ್ಪ ಕೈಸನ್ನೆ ಮಾಡಿ ಕೇಳಿದರು. ಮುದುಕ ತಲೆಯಾಡಿಸಿ, "ಅದಕ್ಕೂ ಮರಿಗಳಿವೆ" ಎಂದನು.

ಕಂಡಕ್ಟರು ಸೀಟಿ ಊದಿದ. ಕಿಟಕಿಯ ಬಳಿಯ ಜಾಗಕ್ಕಾಗಿ ನಾಸಿಕದಿಂದ ಜಗಳವಾಡಿ ಕುಳಿತಿದ್ದ ಮಗಳು ಅದನ್ನು ತಾನಾಗಿಯೇ ಅಜ್ಜನಿಗೆ ಬಿಟ್ಟುಕೊಟ್ಟಳು. ವೈಜಾಪುರ ಬರುವವರೆಗೂ ಅವರು ಹೊರಗಿನ ಹುಲ್ಲನ್ನೇ ನೋಡುತ್ತಿದ್ದರು.