ಕುಕನೂರಿನ ಜೋಳದ ಬೇರು, ಹಟ್ಟಿಯ ಗಣಿಮಣ್ಣು

ಕುಕನೂರಿಗೆ ಬರುವವರಲ್ಲಿ ಹೆಚ್ಚಿನವರು ನವಲಿಂಗ ಗುಡಿ, ಮಹಾಮಾಯಿಯ ಗುಡಿ ನೋಡಿ, ಇಟಗಿಯ ಮಹಾದೇವ ದೇವಾಲಯದತ್ತ ಹೊರಟುಬಿಡುತ್ತಾರೆ. ಇಟಗಿಯ ಗುಡಿ ಎದ್ದದ್ದು 1112ರಲ್ಲಿ. ನವಲಿಂಗ ಗುಡಿ ಅದಕ್ಕೂ ಹಳೆಯದು, ರಾಷ್ಟ್ರಕೂಟರ ಕಾಲದ್ದು. ಆದರೆ ಸುತ್ತಲಿನ ಹೊಲಗಳಲ್ಲಿ, ಕಣ್ಣಿಗೆ ಕಾಣದಂತೆ, ಈ ಗುಡಿಗಳಿಗಿಂತ ಎಷ್ಟೋ ಹಳೆಯದಾದ ಸಂಗತಿಯೊಂದು ನಡೆಯುತ್ತಲೇ ಇದೆ.

ಜೋಳದ ಗಿಡವೊಂದನ್ನು ಕಿತ್ತು, ಎಳೆ ಬೇರನ್ನು ಕ್ಷಾರದಲ್ಲಿ ಕುದಿಸಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಡಿ ಇಟ್ಟರೆ ಬೇರಿನ ಜೀವಕೋಶಗಳೊಳಗೆ ಪುಟ್ಟ ಮರದಂತೆ ಕವಲೊಡೆದ ಶಿಲೀಂಧ್ರ ಕಾಣುತ್ತದೆ. ಇದೇ ಮೈಕೋರೈಜಾ. ಬೇರಿನ ಕೈಗೆ ಎಟುಕದ ಕಡೆಗೂ ಇದರ ಎಳೆಗಳು ಹೋಗಿ ರಂಜಕವನ್ನು ತಂದುಕೊಡುತ್ತವೆ. ಕೂಲಿಯಾಗಿ ಗಿಡ ಸಕ್ಕರೆ ಕೊಡುತ್ತದೆ. ನಾಲ್ಕು ನೂರು ದಶಲಕ್ಷ ವರ್ಷ ಹಳೆಯ ಪಳೆಯುಳಿಕೆಗಳಲ್ಲಿಯೂ ಈ ಕೊಡುಕೊಳ್ಳುವಿಕೆಯ ಗುರುತು ಸಿಕ್ಕಿದೆ. ಇದಕ್ಕೆ ಹೆಸರಿಟ್ಟವನು ಜರ್ಮನಿಯ ಫ್ರಾಂಕ್, 1885ರಲ್ಲಿ. ನಮ್ಮ ರಾಜ್ಯದಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಡಿ.ಜೆ. ಭಾಗ್ಯರಾಜ್ ಇದರ ಅಧ್ಯಯನಕ್ಕೆ ಹೆಸರಾದವರು. ಎಲ್ಲ ಗಿಡಗಳಿಗೂ ಈ ಗೆಳೆತನ ಬೇಕಿಲ್ಲ: ಸಾಸಿವೆ, ಎಲೆಕೋಸಿನ ಕುಲದವು ಸಾಮಾನ್ಯವಾಗಿ ಇದನ್ನು ಸೇರಿಸಿಕೊಳ್ಳುವುದೇ ಇಲ್ಲ.

ಒಳ್ಳೆಯ ಎರೆಮಣ್ಣಿನಲ್ಲಿ ಶಿಲೀಂಧ್ರದ ಕೆಲಸ ಇಷ್ಟೇ ಎನಿಸಬಹುದು. ಅದರ ನಿಜವಾದ ಪರೀಕ್ಷೆ ನೋಡಬೇಕಾದರೆ ಯಲಬುರ್ಗಾ, ಕುಷ್ಟಗಿ, ಮುದಗಲ್ಲು ದಾಟಿ ಲಿಂಗಸುಗೂರು ತಾಲೂಕಿನ ಹಟ್ಟಿಗೆ ಹೋಗಬೇಕು. 1997ರಲ್ಲಿ ಕೊಪ್ಪಳ ಬೇರೆ ಜಿಲ್ಲೆಯಾಗುವವರೆಗೆ ಕುಕನೂರೂ ಹಟ್ಟಿಯೂ ಒಂದೇ ರಾಯಚೂರು ಜಿಲ್ಲೆಯ ಊರುಗಳು. ಹಟ್ಟಿಯಲ್ಲಿ ಚಿನ್ನದ ಗಣಿ. ಅಲ್ಲಿನ ಅದಿರಿನಲ್ಲಿ ಚಿನ್ನದ ಜೊತೆಗೆ ಆರ್ಸೆನಿಕ್ ಇರುವ ಖನಿಜವೂ ಸೇರಿದೆ. ಕಲ್ಲನ್ನು ಹಿಟ್ಟಿನಂತೆ ಅರೆದು ಚಿನ್ನ ತೆಗೆದ ಮೇಲೆ ಉಳಿಯುವ ಪುಡಿಯಲ್ಲಿ ಸಾವಯವ ಅಂಶವಿಲ್ಲ, ರಂಜಕ ಕಡಿಮೆ; ವಿಷ ಮಾತ್ರ ಉಂಟು. ಆರ್ಸೆನಿಕ್ ಪೂರ್ತಿ ಲೋಹವಲ್ಲದಿದ್ದರೂ ಸೀಸ, ಕ್ಯಾಡ್ಮಿಯಂಗಳ ಸಾಲಿನಲ್ಲೇ ಅದನ್ನು ಲೆಕ್ಕಕ್ಕೆ ಹಿಡಿಯುವುದು ರೂಢಿ.

ಇದು ಹುಡುಗಾಟದ ವಿಷವಲ್ಲ. ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದಲ್ಲಿ ಆರ್ಸೆನಿಕ್ ಬೆರೆತ ಬಾವಿನೀರು ಕುಡಿದು ಜನರ ಚರ್ಮಕ್ಕೆ ರೋಗ ಹತ್ತಿದ್ದು ದಾಖಲಾಗಿದೆ. ಅದೂ ಚಿನ್ನದ ಅದಿರಿನ ಶಿಲೆಯಿರುವ ಸೀಮೆಯೇ.

ಆರ್ಸೆನಿಕ್ ಗಿಡಕ್ಕೆ ಮೋಸ ಮಾಡುವ ಬಗೆ ವಿಚಿತ್ರ. ಅದು ರಂಜಕದ ವೇಷ ತೊಟ್ಟು, ರಂಜಕಕ್ಕೆಂದೇ ಇರುವ ಬಾಗಿಲಿನಿಂದ ಬೇರಿನೊಳಗೆ ನುಗ್ಗುತ್ತದೆ. ಮೈಕೋರೈಜಾ ಜೊತೆಗಿದ್ದರೆ ರಂಜಕ ಶಿಲೀಂಧ್ರದ ಮೂಲಕವೇ ಬರುವುದರಿಂದ, ಹಲವು ಗಿಡಗಳಲ್ಲಿ ಬೇರು ತನ್ನ ಬಾಗಿಲನ್ನು ಅರ್ಧ ಮುಚ್ಚಿಕೊಳ್ಳುತ್ತದೆ. ಸೀಸ, ಕ್ಯಾಡ್ಮಿಯಂಗಳ ವಿಷಯದಲ್ಲಿ ಉಪಾಯ ಬೇರೆ. ಶಿಲೀಂಧ್ರದ ಎಳೆಗಳ ಗೋಡೆಯೇ ಲೋಹವನ್ನು ಅಂಟಿಸಿಕೊಳ್ಳುತ್ತದೆ, ಒಳಗೆ ಬಂದದ್ದನ್ನು ಎಳೆಗಳು ತಮ್ಮ ಕೋಶಗಳ ಚೀಲಗಳಲ್ಲಿ ಕೂಡಿಹಾಕುತ್ತವೆ. 1996ರಲ್ಲಿ ಅಮೆರಿಕದ ಸಾರಾ ರೈಟ್ ವರದಿ ಮಾಡಿದ ಗ್ಲೋಮಾಲಿನ್ ಎಂಬ ಅಂಟುಪದಾರ್ಥವೂ ಮಣ್ಣಿನಲ್ಲಿ ಲೋಹವನ್ನು ಹಿಡಿದಿಡಬಲ್ಲದು. ಹೀಗೆ ವಿಷದ ಬಹುಪಾಲು ಬೇರಿನ ಬಳಿಯೇ ಉಳಿದು, ಎಲೆಗೆ ಏರುವುದು ಕಡಿಮೆಯಾಗುತ್ತದೆ. ಎಲ್ಲ ಗಿಡ, ಎಲ್ಲ ಲೋಹಗಳಿಗೂ ಇದು ಒಂದೇ ತೆರನಾಗಿ ನಡೆಯುತ್ತದೆಂದಲ್ಲ.

ತೊಡಕಿರುವುದು ಇನ್ನೊಂದು ಕಡೆ. ನೆಲ ಅಗೆಯುವಾಗ ಮೊದಲು ಹೋಗುವುದು ಮೇಲ್ಮಣ್ಣು. ಅದರೊಂದಿಗೆ ಶಿಲೀಂಧ್ರವೂ ಹೋಗುತ್ತದೆ. ಗಣಿಪುಡಿಯ ದಿಬ್ಬದ ಮೇಲೆ ಬರಿಗೈಯಲ್ಲಿ ಸಸಿ ನೆಟ್ಟರೆ ಅದು ಒಣಗುವುದೇ ಹೆಚ್ಚು. ಜೀವಂತ ಬೇರಿಲ್ಲದೆ ಈ ಶಿಲೀಂಧ್ರ ಬೆಳೆಯದ ಕಾರಣ, ಮೊದಲು ಕುಂಡದಲ್ಲಿ ಹುಲ್ಲನ್ನೋ ಜೋಳವನ್ನೋ ಬೆಳೆಸಿ, ಆ ಬೇರು ಮಣ್ಣನ್ನು ಸಸಿಯ ಚೀಲಕ್ಕೆ ಬೆರೆಸಬೇಕು.

ದಿಬ್ಬ ಹಸಿರಾಯಿತೆಂದರೆ ಧೂಳು ಏಳುವುದು, ಮಳೆಗೆ ಪುಡಿ ಹಳ್ಳಕ್ಕೆ ಹರಿಯುವುದು ಕಡಿಮೆಯಾಯಿತು ಎಂದಷ್ಟೇ ಅರ್ಥ. ಲೋಹ ಅಲ್ಲೇ ಇರುತ್ತದೆ. ಅಂಥಲ್ಲಿ ಸೊಪ್ಪು ತರಕಾರಿ ಬೆಳೆಯಬಾರದು, ಹುಲ್ಲು ಎಷ್ಟೇ ಸೊಂಪಾಗಿ ಎದ್ದಿದ್ದರೂ ಆಡು ಕುರಿ ಬಿಡಬಾರದು.