ಬಿಡುವ ಮಾತು

ಈಚೆಗೆ ತರಗತಿಯಲ್ಲಿ ಒಬ್ಬ ವಿದ್ಯಾರ್ಥಿನಿ ಕೇಳಿದಳು: “ಸರ್, ಅಬ್ಯಾಂಡನ್ ಎಂಬುದಕ್ಕೆ ಕನ್ನಡದಲ್ಲಿ ಏನೆನ್ನಬೇಕು?”

ಕನ್ನಡ ಮೇಷ್ಟರಿಗೆ ಇಂಥ ಪ್ರಶ್ನೆ ಹಬ್ಬದೂಟವಿದ್ದಂತೆ. ತೊರೆ, ತ್ಯಜಿಸು, ಕೈಬಿಡು ಎಂದು ಹಲಗೆಯ ಮೇಲೆ ಬರೆದೆ. ಮುಳುಗುವ ಹಡಗು, ಮುಗಿಯದ ಯೋಜನೆ, ಹೆತ್ತ ಕೂಸು — ಯಾವುದನ್ನು ಬಿಟ್ಟರೂ ಇಂಗ್ಲಿಷಿನವರಿಗೆ ಈ ಒಂದೇ ಕ್ರಿಯಾಪದ. ಮೈಮರೆತು ಕುಣಿಯುವುದನ್ನು ಹೇಳಲೂ ಅದೇ ಮಾತು ನಾಮಪದವಾಗಿ ಬರುತ್ತದೆ. ಮೂಲ ಹಳೆಯ ಫ್ರೆಂಚ್. ಇನ್ನೊಬ್ಬರ ವಶಕ್ಕೆ ಒಪ್ಪಿಸುವುದು ಮೊದಲಿನ ಅರ್ಥ. ಇಷ್ಟೆಲ್ಲ ಹೇಳಿದ ಮೇಲೆ ಹುಡುಗಿ, “ಬರಿಯ ‘ಬಿಡು’ ಸಾಲದೇ ಸರ್?” ಎಂದಳು.

“ಅದು ತೀರ ಸಾಮಾನ್ಯ ಪದ” ಎಂದು ತಳ್ಳಿಹಾಕಿದೆ.

ಆ ಶನಿವಾರ ಅವ್ವನನ್ನು ಕರೆದುಕೊಂಡು ಶ್ರೀರಂಗಪಟ್ಟಣದಲ್ಲಿ ಬಸ್ಸು ಹತ್ತಿದೆ. ನಾಗಮಂಗಲದ ಕಡೆಯ ನಮ್ಮೂರ ಮನೆಗೆ ಬೀಗ ಬಿದ್ದು ಎರಡು ವರ್ಷ. ಕೊಳ್ಳುವವರೊಬ್ಬರು ಮುಂಗಡ ಹಿಡಿದು ಕಾದಿದ್ದರು.

ಪದದ ಗುಂಗು ತಲೆಯಲ್ಲೇ ಇತ್ತು. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯವನ್ನು ಬಿಟ್ಟುಕೊಟ್ಟ, ಇಬ್ಬರು ಮಕ್ಕಳನ್ನು ಒತ್ತೆಯಿಟ್ಟ. ಅದನ್ನು ‘ಕೈಬಿಟ್ಟ’ ಎನ್ನಲಾದೀತೆ? 1809ರಲ್ಲಿ ಜ್ವರಬಾಧೆಗೆ ಬೇಸತ್ತ ಇಂಗ್ಲಿಷರ ದಂಡು ಬೆಂಗಳೂರಿಗೆ ಹೋಯಿತಲ್ಲ, ಅದನ್ನು ಬೇಕಾದರೆ ‘ತೊರೆದರು’ ಎನ್ನಬಹುದು.

ಪಾಂಡವಪುರದಲ್ಲಿ ಹತ್ತಿದ ರೈತರೊಬ್ಬರು, “ನಾಲೆಗೆ ನೀರ್ ಬುಟ್ಟವ್ರೆ” ಎಂದರು. ಬಸ್ಸಿನಲ್ಲಿ ನಾಲ್ಕಾರು ಮುಖ ಅರಳಿದವು. ಆ ನೀರು ನಿಲ್ಲಲೆಂದು 1911ರಲ್ಲಿ ಕಟ್ಟೆಯ ಕೆಲಸ ಆರಂಭವಾಗಿ, ಮುಂದೆ ಹಳೆಯ ಕನ್ನಂಬಾಡಿಯೇ ಮುಳುಗಿತು, ಹಿನ್ನೀರು ಕೆ.ಆರ್. ಪೇಟೆಯ ಕಡೆಗೂ ಹಬ್ಬಿತು. ಅಲ್ಲಿಯವರು ಊರು ಬಿಟ್ಟರೆನ್ನಬೇಕೋ, ಬಿಡಿಸಿದರೆನ್ನಬೇಕೋ? ವೇಣುಗೋಪಾಲನ ಗುಡಿ ಮಾತ್ರ ಬರಗಾಲದಲ್ಲಿ ನೀರು ಇಳಿದಾಗ ತಲೆಯೆತ್ತುತ್ತಿತ್ತು. ಈ ಶತಮಾನದಲ್ಲಿ ಅದರ ಕಲ್ಲುಗಳನ್ನು ಬಿಚ್ಚಿ ತಂದು ಹೊಸ ಕನ್ನಂಬಾಡಿಯಲ್ಲಿ ಮತ್ತೆ ಕಟ್ಟಿದರು. ಬಿಟ್ಟದ್ದೆಲ್ಲ ಕೈಬಿಟ್ಟದ್ದಲ್ಲವೆಂದಾಯಿತು.

ಊರು ತಲುಪಿ ಬೀಗ ತೆಗೆದೆ. ಒಳಗೆ ಧೂಳು, ಜೇಡನ ಬಲೆ. ಅವ್ವ ಹಿತ್ತಲಿನಿಂದ ಕೂಗಿದಳು: “ನೀರ್ ಹಾಕೋರಿಲ್ಲ, ಆದ್ರೂ ಮಲ್ಲಿಗೆ ಹೂ ಬುಟ್ಟದೆ ನೋಡು ಮಗ!”

ಅವಳು ಸೊಸೆಯಾಗಿ ಬಂದ ವರ್ಷ ನೆಟ್ಟ ಬಳ್ಳಿ ಅದು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಮನೆ ಏನು ಮಾಡೋಣವ್ವ?” ಎಂದೆ. ಅಳುತ್ತಾಳೆ, ಇಲ್ಲವೇ ಬೇಡವೆನ್ನುತ್ತಾಳೆ ಎಂದುಕೊಂಡಿದ್ದೆ. ಎರಡಕ್ಕೂ ಉತ್ತರ ಸಿದ್ಧಮಾಡಿಕೊಂಡಿದ್ದೆ. ಅವಳು ಹೂ ಬಿಡಿಸುತ್ತಲೇ, “ನನ್ನೇನ್ ಕೇಳೀಯೆ? ಅದು ನಿಂಗೆ ಬುಟ್ಟಿದ್ದು ಕಣಪ್ಪ” ಎಂದಳು.

ಇನ್ನೊಬ್ಬರ ವಶಕ್ಕೆ ಒಪ್ಪಿಸುವುದು! ನಾನು ಹಲಗೆಯ ಮುಂದೆ ನಿಂತು ವಿವರಿಸಿದ್ದ ಅರ್ಥವನ್ನು ಅವ್ವ ತಂದು ನನ್ನ ಅಂಗೈಯಲ್ಲಿಟ್ಟಿದ್ದಳು. ಅದರ ಭಾರ ಮಾತ್ರ ನಿಘಂಟಿನಲ್ಲಿರಲಿಲ್ಲ.

ಮುಂಗಡ ತೆಗೆದುಕೊಳ್ಳದೆ ಹಿಂತಿರುಗಿದೆ. ನಾಳೆ ಏನು ಮಾಡುತ್ತೇನೋ ಹೇಳಲಾರೆ. ಸೋಮವಾರ ಮಾತ್ರ ಆ ಹುಡುಗಿಯನ್ನು ಕರೆದು, “‘ಬಿಡು’ ಎಂದರೆ ಸಾಕಮ್ಮ” ಎಂದೆ.